ಉಳಿದ ಒಂದು ಕಣ್ಣು

"ಇದರಾಗ ಜೀವ ಐತೇನ ನೋಡವ್ವ," ಎಂದು ಗುರುಬಾಯಿ ಹಸಿ ಬಟ್ಟೆಯಲ್ಲಿ ಸುತ್ತಿ ತಂದ ದ್ರಾಕ್ಷಿ ಕಡ್ಡಿಯನ್ನು ಮೇಜಿನ ಮೇಲೆ ಮಲಗಿಸಿದಳು.

ತಿಕೋಟಾದ ಬೆಳೆ ಔಷಧದಂಗಡಿಯ ಹಿಂದಿನ ಆ ತಂಪು ಕೋಣೆಗೆ, ಬಳ್ಳಿ ಸವರುವ ಮೊದಲು ರೈತರು ಕಡ್ಡಿ ತರುವುದು ರೂಢಿ. ಅಲ್ಲಿ ಕೆಲಸ ಮಾಡುವ ತಬಸ್ಸುಮ ಕಡ್ಡಿಯ ಕಣ್ಣುಗಳನ್ನು, ಅಂದರೆ ಮೊಗ್ಗುಗಳನ್ನು, ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು ಈ ಸಲ ಗೊನೆ ಬರುತ್ತದೋ ಇಲ್ಲವೋ ಹೇಳುತ್ತಾಳೆ. ಗುರುಬಾಯಿಗೆ ಗೊನೆಯ ಚಿಂತೆ ಇರಲಿಲ್ಲ. ಬಬಲೇಶ್ವರದ ಹೊಲದಲ್ಲಿ ಅವಳು ಕೈಯಾರೆ ಕಸಿ ಕಟ್ಟಿದ ಮೊದಲ ಬಳ್ಳಿ ಅದು. ಚಿಗುರಿದ ದಿನ ಊಟ ಬಿಟ್ಟು ಅದರ ಎದುರು ಕೂತಿದ್ದಳು. ಅದನ್ನೀಗ ಮಗ ಶಿವಲಿಂಗ ದನದ ಕೊಟ್ಟಿಗೆ ಕಟ್ಟಬೇಕೆಂದು ಜೆಸಿಬಿಯಿಂದ ಕೀಳಿಸಿಬಿಟ್ಟಿದ್ದ. ಬಿಸಿಲಿಗೆ ಬಿದ್ದ ಬಳ್ಳಿಯಲ್ಲಿ ಹುಡುಕಿದರೆ ನೆಟ್ಟಗಿದ್ದದ್ದು ಇದೊಂದೇ ಕಡ್ಡಿ.

"ಒಣ ಕಟ್ಟಿಗಿ ಬೇ ಅದು. ಜೀವ ಐತಿ ಅಂತ ಆ ಹುಡುಗಿ ಅಂದ್ರ ಬಾವಿ ಹಂತೇಕ ಜಾಗಾ ಬಿಡತೀನಿ, ಇಲ್ಲಂದ್ರ ಒಲಿಗೆ ಹಾಕು" ಎಂದು ಅವನೇ ಬೈಕಿನಲ್ಲಿ ಕರೆತಂದು, ಈಗ ಹೊರಗೆ ಚಹಾ ಕುಡಿಯುತ್ತಿದ್ದ.

ಕಡ್ಡಿಗೆ ನಾಲ್ಕು ಕಣ್ಣು. ಮೊದಲನೆಯದನ್ನು ಸೀಳಿದರೆ ಒಳಗೆಲ್ಲ ಕಂದು. ಎರಡನೆಯದೂ ಅಷ್ಟೇ. ಗುರುಬಾಯಿಯ ಮುಖ ಸಣ್ಣದಾಯಿತು. ಮೂರನೆಯದನ್ನು ಸೀಳಿ ನೋಡಿದ ತಬಸ್ಸುಮ ಎದ್ದು ಕುರ್ಚಿ ಬಿಟ್ಟುಕೊಟ್ಟಳು. "ಆಯಿ, ನೀವ ನೋಡ್ರಿ."

ಗಾಜಿನೊಳಗೆ ಬೆಳಕಿನ ಒಂದು ಕೊಳ. ಅದರ ನಡುವೆ, ಎಳೆ ಹಸಿರು ಪದರಗಳೊಳಗೆ, ರವೆಯ ಕಾಳು ಒಟ್ಟಿದಂಥ ಪುಟ್ಟ ಗೊನೆ ಮಲಗಿತ್ತು. ಎಲೆ ಬಿಚ್ಚುವ ಮೊದಲೇ, ಹೂವಾಗುವ ಮೊದಲೇ, ತಾನು ದ್ರಾಕ್ಷಿ ಎಂಬುದು ಅದಕ್ಕೆ ಗೊತ್ತಿತ್ತು. ಅಂಗಡಿಯ ಗದ್ದಲ, ಬಸ್ಸಿನ ಹಾರ್ನು ಎಲ್ಲ ಎಲ್ಲೋ ದೂರ ಸರಿದವು. ತನ್ನ ಉಸಿರು ತಾಕೀತೆಂದು ಗುರುಬಾಯಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಬುಟ್ಟಿಗಟ್ಟಲೆ ಹಣ್ಣು ಕೊಯ್ದ ಕೈ ಅವಳದು, ಆದರೆ ಹಣ್ಣು ಇನ್ನೂ ಕನಸಾಗಿರುವಾಗ ಹೇಗಿರುತ್ತದೆಂದು ನೋಡಿರಲೇ ಇಲ್ಲ.

"ಎಲ್ಲಾ ಜೀವಕೋಶಾರಿ," ತಬಸ್ಸುಮ ಮೆಲ್ಲಗೆ ಹೇಳಿದಳು. "ಒಂದು ಎರಡಾಗಿ, ಎರಡು ನಾಕಾಗಿ ಬ್ಯಾಸಗ್ಯಾಗ ಇಷ್ಟು ಕಟ್ಟಿಕೊಂಡೈತಿ. ಈಗ ನಿದ್ದಿ ಮಾಡಾಕತ್ತೈತಿ."

"ಹಂಗಾದ್ರ ಇದನ್ನ ತಿರಗಿ ಕಡ್ಡಿಗೆ ಹಚ್ಚವ್ವ, ಮಣ್ಣಾಗ ಊರತೀನಿ."

"ಬರೂದಿಲ್ಲ ಆಯಿ. ನೋಡಬೇಕಂದ್ರ ಕೊಯ್ಯಬೇಕು. ಕೊಯ್ದಿದ್ದು ಬೆಳ್ಯೂದಿಲ್ಲ."

ಗುರುಬಾಯಿಯ ಕಣ್ಣು ತುಂಬಿದವು. ತಬಸ್ಸುಮ ಬ್ಲೇಡು ಹಿಡಿದು ಕೊನೆಯ ಮೊಗ್ಗನ್ನು ಮುಟ್ಟಿದಳು. "ಇದೊಂದು ಉಳದೈತಿ. ನೋಡಿಬಿಟ್ರ ಖಾತ್ರಿ ಆಗತೈತಿ."

ಗುರುಬಾಯಿ ಕಡ್ಡಿಯನ್ನು ಸರಕ್ಕನೆ ಮಡಿಲಿಗೆ ಎಳೆದುಕೊಂಡಳು. "ಬ್ಯಾಡವ್ವ. ಖಾತ್ರಿ ತೊಗೊಂಡ ಏನ ಮಾಡ್ಲಿ?"

ಶಿವಲಿಂಗ ಬಾಗಿಲಲ್ಲಿ ಇಣುಕಿದ. "ಏನಂದ್ರ ಬೇ?"

"ಬಾವಿ ಹಂತೇಕ ತಗ್ಗ ತೋಡು," ಎಂದಳು ಗುರುಬಾಯಿ, ಕಡ್ಡಿಗೆ ಮತ್ತೆ ಹಸಿ ಬಟ್ಟೆ ಸುತ್ತುತ್ತ. ಹೊಸ್ತಿಲ ತನಕ ಹೋದವಳು ತಿರುಗಿ ನಿಂತಳು.

"ಯವ್ವಾ, ಆ ಕೊಯ್ದಿದ್ದು ಸತ್ತೈತೇನು?"

ತಬಸ್ಸುಮ ದೀಪ ಉರಿಯುತ್ತಲೇ ಇದ್ದ ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿದಳು. "ಇಲ್ಲರಿ. ಇನ್ನೂ ಜೀವ ಐತಿ. ತನ್ನ ಕೊಯ್ದಾರ ಅನ್ನೂದು ಅದಕ್ಕ ಇನ್ನೂ ಗೊತ್ತಾಗಿಲ್ಲ."

"ಹಂಗಾದ್ರ ದೀಪಾ ಆರಸವ್ವ. ಎಚ್ಚರಾದೀತು."