ಬಿಸಿಲಿಗೆ ಹಿಡಿದ ಸ್ಕ್ರೀನು

ಆ ಮಧ್ಯಾಹ್ನ ನಾವು ಹನ್ನೆರಡು ಸಾಗುವಾನಿ ಚೌಕಟ್ಟು ಕಳೆದುಕೊಂಡೆವು; ಅಜ್ಜನ, ನಮ್ಮ ಮುತ್ಯಾನ, ಸೀರೆ ನಕ್ಷೆಗಳನ್ನು ಉಳಿಸಿಕೊಳ್ಳಲು ತೆತ್ತ ಬೆಲೆ ಅದು. ಬಣ್ಣಕ್ಕೆ ಬೆರೆಸುತ್ತಿದ್ದ ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ಕೃಷ್ಣೆಯ ನಡುಗಡ್ಡೆಯಲ್ಲಿದ್ದ ಅವನ ಸೀರೆ ಪ್ರಿಂಟಿಂಗ್ ಶೆಡ್ಡು ಕಣ್ಣಿಗೆ ಕಟ್ಟುತ್ತದೆ.

ನಾನಾಗ ಎರಡನೇ ಇಯತ್ತೆ ಓದುತ್ತಿದ್ದೆ. ಮುತ್ಯಾ ತೀರಿ ತಿಂಗಳಾಗಿತ್ತು. ಬನಹಟ್ಟಿಯ ವ್ಯಾಪಾರಿಯೊಬ್ಬ ದೋಣಿಯಲ್ಲಿ ಬಂದ.

"ಒಲಿಗೆ ಕಟ್ಟಿಗಿ ಬೇಕಾಗೇತ್ರಿ ಆಯಿ, ಈ ಹಳೇ ಸ್ಕ್ರೀನ್ ಕೊಟ್ಬಿಡ್ರಿ," ಎಂದು ಅಜ್ಜಿಯನ್ನು ಕೇಳಿದ. ಆದರೆ ಒಂದೊಂದನ್ನೂ ಬಿಸಿಲಿಗೆ ಹಿಡಿದು, ಚೌಕಟ್ಟಿಗೆ ಬಿಗಿದ ಬಟ್ಟೆಯಲ್ಲಿ ಮೂಡಿದ ಹೂಬಳ್ಳಿಯ ಅಚ್ಚು ನೋಡಿ ಆರಿಸತೊಡಗಿದ.

"ನಿಮ್ಮ ಒಲಿ ಹೂವು ನೋಡಿ ಉರಿತೈತೇನೋ ತಮ್ಮಾ?" ಎಂದ ಅಜ್ಜಿ, ಮೊಳೆ ಕಿತ್ತು ಅವನು ಆರಿಸಿದ ಹನ್ನೆರಡರ ಬಟ್ಟೆಯನ್ನೂ ಬಿಡಿಸಿ ಉಡಿಯಲ್ಲಿ ಕಟ್ಟಿಕೊಂಡಳು. "ತಗೋ, ಕಟ್ಟಿಗಿ ಪುಕಟ."

ಅವನು ಬರೀ ಚೌಕಟ್ಟು ಹೊತ್ತು ದೋಣಿ ಹತ್ತಿದ.

ಹಳೆಯದನ್ನು ಮಾರುವಾಗ ಬೆಲೆ ಹೇಳಲು ಅವಸರ ಬೇಡ. ಕೊಳ್ಳುವವನ ಕಣ್ಣು ಎಲ್ಲಿ ನಿಲ್ಲುತ್ತದೆಂದು ಮೊದಲು ನೋಡಿ.