ಬೆಳಕಿಗೆ ಬನ್ನಿ

“ನಿಮ್ಮ ಮುಖ ಕಾಣುತ್ತಿಲ್ಲ. ದಯವಿಟ್ಟು ಬೆಳಕಿಗೆ ಬನ್ನಿ,” ಎಂದಿತು ಹೊಸ ಲ್ಯಾಪ್‌ಟಾಪ್, ಏಳನೆಯ ಸಲ. ಸೇತುವೆ ಎಂಜಿನಿಯರ್ ಕೂತಿದ್ದದ್ದು ಕಿಟಕಿಯ ಪಕ್ಕದಲ್ಲೇ. ಹತ್ತೂವರೆಯ ಬಿಸಿಲು ನೆಟ್ಟಗೆ ಮುಖಕ್ಕೆ ಬಡಿದು ಅವಳಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ. ಇನ್ನೆಷ್ಟು ಬೆಳಕಿಗೆ ಬರಬೇಕು? ಕುರ್ಚಿ ಸಮೇತ ಹೋಗಿ ಸೂರ್ಯನ ತೊಡೆಯ ಮೇಲೆ ಕೂರಬೇಕೇ?

ಹನ್ನೊಂದಕ್ಕೆ ಸೇತುವೆ ಕಟ್ಟಿಸುವವರು ನಕ್ಷೆ ನೋಡಲು ಬರುವವರಿದ್ದರು. ಹತ್ತು ತಿಂಗಳು ಕೂತು ಅವಳು ಮಾಡಿದ ನಕ್ಷೆ ಅದು. ಅದರ ಒಂದೊಂದು ಕಂಬವೂ ಅವಳ ತಲೆಯೊಳಗಿಂದ ಎದ್ದು ಬಂದದ್ದು. ಅವರ ಮುಂದೆ ನಿಂತು ಅದನ್ನು ವಿವರಿಸುವವಳೂ ಅವಳೇ ಎಂದು ತೀರ್ಮಾನವಾಗಿ ವಾರವಾಗಿತ್ತು. ನಿನ್ನೆ ಸಂಜೆ ಎಲ್ಲರ ಹಳೇ ಲ್ಯಾಪ್‌ಟಾಪ್ ಕಿತ್ತುಕೊಂಡು ಹೊಸದು ಕೊಟ್ಟಿದ್ದರು. ಅವಳ ನಕ್ಷೆಯೂ ಹೊಸದರ ಹೊಟ್ಟೆ ಸೇರಿತ್ತು. ಹೊಸದೋ ಬಾಗಿಲು ತೆಗೆಯಲೊಲ್ಲದು.

ಈ ಆಫೀಸಿನಲ್ಲಿ ಅವಳಿಗಿದು ಮೂರನೆಯದು. ಮೊದಲನೆಯದು ಇಟ್ಟಿಗೆ ತೂಕದ್ದು, ದೊಡ್ಡ ನಕ್ಷೆ ತೆರೆದರೆ ಏರು ಹತ್ತುವ ಬಸ್ಸಿನಂತೆ ಗೊರಗೊರ ಎನ್ನುತ್ತಿತ್ತು. ಎರಡನೆಯದರ ಮುಚ್ಚಳ ಸಡಿಲ. ಬೆನ್ನಿಗೆ ದಪ್ಪ ಪುಸ್ತಕ ಒತ್ತು ಕೊಡದಿದ್ದರೆ ಮಲಗಿಬಿಡುತ್ತಿತ್ತು. ಎರಡನ್ನೂ ಅವಳು ಬಾಯಿ ತುಂಬ ಬೈದವಳೇ. ಈಗ ಅದಕ್ಕೆ ನಾಚಿಕೆಯಾಯಿತು. ಪಾಪ, ಅವು ಕೇಳುತ್ತಿದ್ದದ್ದು ಒಂದೇ ಒಂದು ಗುಟ್ಟಿನ ಪದ. ಅದನ್ನು ಒತ್ತಿದರೆ ಮುಗಿಯಿತು, ಒಂದು ದಿನವೂ ಮುಖ ಎತ್ತಿ ನೋಡಿದವಲ್ಲ. ಈ ಮೂರನೆಯದು ತಟ್ಟೆಯಷ್ಟು ತೆಳ್ಳಗೆ, ಬೆಳ್ಳಿಯ ಹೊಳಪು, ಉಸಿರಾಡುವ ಸದ್ದೂ ಇಲ್ಲ. ನಾಜೂಕು ಎಷ್ಟೋ ಕೊಬ್ಬೂ ಅಷ್ಟೇ.

ಹೇಳಿಬಿಡುವುದೇ ವಾಸಿ: ಅವಳು ಕಪ್ಪು. ಹೊಗಳಲೆಂದೇ ಬಂದವರೂ “ಕಪ್ಪಾದರೂ ಲಕ್ಷಣವಾಗಿದ್ದಾಳೆ” ಎಂದು ಆ ‘ಆದರೂ’ ಸೇರಿಸದೆ ಹೋದದ್ದಿಲ್ಲ. ಶಾಲೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು, ಚಿಕ್ಕಮ್ಮ ಗುಟ್ಟಾಗಿ ಕೈಗಿಟ್ಟ ಮುಲಾಮಿನ ಡಬ್ಬಿ, ಎಲ್ಲವನ್ನೂ ನುಂಗಿಕೊಂಡು ಬಂದವಳು. ಮನುಷ್ಯರ ಮಾತು ಬಿಡಿ. ನಿನ್ನೆ ಮೊನ್ನೆ ಪೆಟ್ಟಿಗೆಯಿಂದ ಎದ್ದು ಬಂದ ಈ ತಗಡೂ ಅದೇ ರಾಗ ಎಳೆಯಬೇಕೇ?

“ಪಾಸ್‌ವರ್ಡ್ ಹಾಕೋ ಜಾಗ ಎಲ್ಲಿ?” ಎಂದು ಕಂಪ್ಯೂಟರ್ ವಿಭಾಗದವನನ್ನು ಕರೆಸಿ ಕೇಳಿದಳು.

“ಇದ್ರಲ್ಲಿ ತೆಗೆದುಬಿಟ್ಟಿದಾರೆ ಮೇಡಂ. ಮುಖ ತೋರ್ಸಿದ್ರೆ ಸಾಕು. ಆರಾಮು.”

“ಯಾರಿಗೆ ಆರಾಮು?”

ಅವನು ಮೊಬೈಲಿನ ಟಾರ್ಚ್ ಹೊತ್ತಿಸಿ, ಕಳ್ಳಿಯನ್ನು ಹಿಡಿದವನಂತೆ ಅವಳ ಮುಖಕ್ಕೆ ಬಿಟ್ಟ. ಬೆಳಕಿಗೆ ಬನ್ನಿ, ಎಂದಿತು ಅದು. ಅವನು ದನಿ ತಗ್ಗಿಸಿದ. “ತಪ್ಪು ತಿಳ್ಕೋಬೇಡಿ ಮೇಡಂ, ಒಂಚೂರು ಪೌಡರ್ ಹಚ್ಕೊಂಡು ನೋಡ್ತೀರಾ?”

ಅವಳಿಗೆ ಪಿತ್ತ ನೆತ್ತಿಗೇರಿತು. “ಕುರುಡು ಅದಕ್ಕೆ, ಔಷಧಿ ನನಗಾ? ಹಚ್ಚೋದಿದ್ರೆ ಅದರ ಕಣ್ಣಿಗೆ ಹಚ್ಚಿ!”

ಕೂಗು ಕೇಳಿ ಮುಖ್ಯಸ್ಥರು ಬಾಗಿಲಲ್ಲಿ ಇಣುಕಿದರು. “ಇನ್ನೂ ಆಗ್ಲಿಲ್ವೇನಮ್ಮ? ನಿನ್ನ ಕೈಕೆಳಗಿನವನದು ಕಣ್ಣು ಮಿಟುಕಿಸೋದ್ರೊಳಗೆ ತೆರ್ಕೊಂಡ್ತಂತೆ. ನಕ್ಷೆ ಅವನ ಹತ್ರಾನೂ ಇದೆ. ಹನ್ನೊಂದರೊಳಗೆ ಆಗ್ಲಿಲ್ಲ ಅಂದ್ರೆ ಅವನೇ ಹೇಳ್ಲಿ ಬಿಡು.”

“ಅವನಿಗೆ ಏನು ಗೊತ್ತು ಸಾರ್? ಕಂಬದ ಬುಡ ಯಾಕೆ ಅಗಲ ಮಾಡಿದೀನಿ ಅಂತ ಕೇಳಿದ್ರೆ ನನ್ನ ಮುಖ ನೋಡ್ತಾನೆ. ಅವನದ್ದೇ ಕೊಡ್ಸಿ, ನಾನು ಹೇಳ್ತೀನಿ.”

“ಎದುರಿಗೆ ಅವನ ಮುಖ ಇಲ್ದಿದ್ರೆ ಎರಡೇ ನಿಮಿಷಕ್ಕೆ ಅದು ಬಾಗಿಲು ಹಾಕ್ಕೊಳ್ಳುತ್ತಮ್ಮ,” ಎಂದು ಅವರು ಗಡಿಯಾರ ನೋಡಿಕೊಳ್ಳುತ್ತಾ ಹೋದರು.

ಹತ್ತು ತಿಂಗಳು ಬೆವರು ಸುರಿಸಿದವಳು ಇವಳು, ಎದ್ದು ನಿಂತು ಶಹಬ್ಬಾಸ್ ಅನ್ನಿಸಿಕೊಳ್ಳುವವನು ಅವನು. ಕಾರಣ ಕೇಳಿದರೆ, ಯಂತ್ರಕ್ಕೆ ಇವಳ ಮುಖ ಹಿಡಿಸಲಿಲ್ಲ! ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ ಕಂಪ್ಯೂಟರ್‌ನವನು ತಟ್ಟನೆ, “ಇದಕ್ಕೆ ನಿಮ್ಮ ಪರಿಚಯ ಮಾಡ್ಸಿರೋದೇ ಆಫೀಸ್ ಕಾರ್ಡಿನ ಫೋಟೋದಿಂದ ಅಲ್ವಾ? ಕಾರ್ಡ್ ಕೊಡಿ ಇಲ್ಲಿ,” ಎಂದ.

ಆ ಕಾರ್ಡನ್ನು ಅವಳು ಯಾವಾಗಲೂ ಮಗುಚಿಯೇ ನೇತುಹಾಕಿಕೊಳ್ಳುತ್ತಿದ್ದಳು. ಸ್ಟುಡಿಯೋದವನು ಕೇಳದೆಯೇ ಉಪಕಾರ ಮಾಡಿ ಮುಖವನ್ನು ಹಾಲಿನಲ್ಲಿ ಅದ್ದಿದಂತೆ ಬೆಳ್ಳಗೆ ಮಾಡಿದ್ದ, ಮೂಗನ್ನೂ ಒಂಚೂರು ಕೆತ್ತಿದ್ದ. ಹಾಳಾಗಲಿ, ಯಾರು ನೋಡುತ್ತಾರೆ ಎಂದು ಆಗ ಸುಮ್ಮನಾಗಿದ್ದಳು. ಕಂಪ್ಯೂಟರ್‌ನವನು ಆ ಫೋಟೋವನ್ನು ಕ್ಯಾಮೆರಾದ ಮುಂದೆ ಹಿಡಿದ. ಲ್ಯಾಪ್‌ಟಾಪ್ ಒಂದು ಕ್ಷಣವೂ ಅನುಮಾನಿಸಲಿಲ್ಲ. “ಸುಸ್ವಾಗತ” ಎಂದು ಅವಳ ಹೆಸರು ಹಿಡಿದು ಕರೆದು, ಸೇತುವೆಯನ್ನು ತೆರೆದಿಟ್ಟಿತು.

“ನೋಡಿದ್ರಾ!” ಎಂದು ಅವನು ಹಿಗ್ಗಿದ. ಕಾರ್ಡನ್ನು ಪೆನ್ ಸ್ಟ್ಯಾಂಡಿಗೆ ಸಿಕ್ಕಿಸಿ, ಕ್ಯಾಮೆರಾಕ್ಕೆ ಎದುರಾಗಿ ನಿಲ್ಲಿಸಿದ. “ಎರಡೆರಡು ನಿಮಿಷಕ್ಕೆ ಮತ್ತೆ ಮುಖ ಕೇಳುತ್ತೆ. ಇವ್ರು ಹೀಗೇ ಇದರ ಮುಂದೆ ಕೂತಿರ್ಲಿ. ನೀವು ಪಕ್ಕದಲ್ಲಿ ನಿಂತು ಮಾತಾಡಿ.”

ನಕ್ಷೆ ಅದರೊಳಗೆ ಇಲ್ಲದಿದ್ದರೆ ಅವಳು ಆ ತಟ್ಟೆಯನ್ನು ಕಿಟಕಿಯಿಂದಾಚೆ ಬೀಸಿಬಿಡುತ್ತಿದ್ದಳು. ಹಲ್ಲು ಕಚ್ಚಿ ಎದ್ದು ನಿಂತಳು.

ಮುಖ್ಯಸ್ಥರು ಮತ್ತೆ ಬಂದರು. “ಸದ್ಯ, ತೆರ್ಕೊಂಡ್ತಾ! ಹಾಗಾದ್ರೆ ನೀನೇ ಹೇಳಮ್ಮ, ಬಾ, ಅವರೆಲ್ಲ ಬಂದಾಯ್ತು.” ಹದಿನಾಲ್ಕು ವರ್ಷದಿಂದ ದಿನಾ ಬೆಳಗಾದರೆ ಅವಳ ಮುಖ ನೋಡುತ್ತಿದ್ದವರು, ಪೆನ್ ಸ್ಟ್ಯಾಂಡಿನಲ್ಲಿದ್ದ ಕಾರ್ಡಿನ ಕಡೆ ಬಗ್ಗಿ, ಕನ್ನಡಕ ಸರಿಪಡಿಸಿಕೊಂಡರು.

“ಯಾರಮ್ಮ ಇದು?”

“ನಾನಂತೆ,” ಎಂದಳು.