ಬಾಗಿಲು ದಾಟದ ಹಿಕ್ಕೆ

ಮಗಳ ಜ್ವರದ ಔಷಧಿಯನ್ನು ಸಿರಿಂಜಿಗೆ ಎಳೆಯುವಾಗ ಈಗಲೂ ನನಗೆ ನಮ್ಮ ಕುರಿ ಕೂಡುವ ರೊಪ್ಪದ ವಾಸನೆ ಬರುತ್ತದೆ.

ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಅಪ್ಪ ಮಂದೆ ಹೊಡೆದುಕೊಂಡು ಜವನಗೊಂಡನಹಳ್ಳಿ ಕಡೆ ಹೋಗಿದ್ದ ಮಧ್ಯಾಹ್ನ ಅದು. ರೊಪ್ಪದಲ್ಲಿ ಉಳಿದಿದ್ದ ಮರಿಯೊಂದು ಕಾಲು ಚಾಚಿ ಬಿದ್ದಿತ್ತು. ದನದ ಡಾಕ್ಟರು ಫೋನಿನಲ್ಲಿ, "ಕೇಜಿಗೆ ಸೊನ್ನೆ ಪಾಯಿಂಟ್ ಸೊನ್ನೆ ಐದು ಎಂ.ಎಲ್. ಹಾಕ್ರಿ. ಹೆಚ್ಚಾದ್ರೆ ಮರಿ ಉಳಿಯಲ್ಲ" ಎಂದರು. ಮರಿ ಹತ್ತು ಕೇಜಿ ತೂಗಿತು.

"ಹತ್ತರಿಂದ ಗುಣಿಸಿದ್ರೆ ಸೊನ್ನೆ ಹೋಯ್ತು, ಐದು ಉಳೀತು" ಎಂದು ಅವ್ವ ಐದರ ಗೆರೆಯವರೆಗೂ ಔಷಧಿ ಎಳೆದಳು.

"ಬೇಗ ಚುಚ್ಚೇ, ಕಣ್ಣು ಮೇಲ್ಮಾಡ್ತೈತೆ" ಎಂದಳು ಅಜ್ಜಿ.

"ತಡಿಯವ್ವ!" ನಾನು ಕಡ್ಡಿಯಿಂದ ದೂಳಿನಲ್ಲಿ ಮೂರು ರೊಪ್ಪ ಗೀರಿದೆ. ಮೊದಲನೆಯದು ಬಿಡಿ ಅಂಕಿಯದು. ಅದರ ಬಲಕ್ಕೆ ಬಾಗಿಲು, ಅದೇ ಪಾಯಿಂಟು. ಬಾಗಿಲಾಚೆ ಹತ್ತನೇ ಪಾಲಿನ ರೊಪ್ಪ, ಅದರಾಚೆ ನೂರನೇ ಪಾಲಿನದು. ಆ ಕೊನೆಯದರಲ್ಲಿ ಐದು ಕುರಿಹಿಕ್ಕೆ ಇಟ್ಟೆ.

"ಬಾಗಿಲು ಕದಲಲ್ಲವ್ವ. ಹತ್ತರಿಂದ ಗುಣಿಸಿದ್ರೆ ಹಿಕ್ಕೆ ಒಂದೇ ರೊಪ್ಪ ಈಚೆಗೆ ಬರ್ತವೆ." ಸರಿಸಿದೆ. ಅವು ಬಾಗಿಲು ದಾಟಲಿಲ್ಲ. "ಸೊನ್ನೆ ಪಾಯಿಂಟ್ ಐದು. ಅರ್ಧ ಎಂ.ಎಲ್. ಅಷ್ಟೇ."

ಅವ್ವ ಸೂಜಿ ಹಿಡಿದ ಕೈಯನ್ನು ಹಿಂದಕ್ಕೆಳೆದಳು. ನನ್ನನ್ನು ನೋಡಿದಳು, ನೆಲ ನೋಡಿದಳು. ಹೆಚ್ಚಿನ ಔಷಧಿಯನ್ನು ಮಣ್ಣಿಗೆ ಚಿಮ್ಮಿಸಿ, ಅರ್ಧದ ಗೆರೆಗೆ ನಿಲ್ಲಿಸಿ ಚುಚ್ಚಿದಳು.

ಹೊತ್ತು ಇಳಿಯುವವರೆಗೂ ಮರಿಯ ಪಕ್ಕದಲ್ಲೇ ಕೂತೆವು. ಮರಿ ತಲೆಯೆತ್ತಿ ಅರಚಿದ ಮೇಲೆ ಅಜ್ಜಿ ರೊಪ್ಪ ಗುಡಿಸಲು ಕಸಬರಿಗೆ ತಂದಳು. ಅವ್ವ ಅಡ್ಡ ಬಂದು, ಎಳೆಮರಿಗಳನ್ನು ಮುಚ್ಚುವ ಬುಟ್ಟಿಯನ್ನು ನನ್ನ ಗೀರುಗಳ ಮೇಲೆ ಬೋರಲು ಹಾಕಿದಳು.

"ಇರ್ಲಿ ಬಿಡ್ರಿ ಅತ್ತೆ. ಅವರಪ್ಪ ಬರ್ಲಿ, ತೋರ್ಸಾಣ."